ಕಡತ ಕಾಯುವ ಕೆಲಸ

ನಮ್ಮ ಶಾಲೆಯ ಆಫೀಸು ಕೋಣೆಯಲ್ಲಿ ಹಸಿರು ಬಣ್ಣದ ಒಂದು ಕಬ್ಬಿಣದ ಬೀರು ಇದೆ. ಅದರ ಬೀಗದ ಕೈಯನ್ನು ಬಹಳ ವರ್ಷ ಗಾಂಧೀಜಿಯವರ ಪಟದ ಹಿಂದಿನ ಮೊಳೆಗೆ ನೇತುಹಾಕುತ್ತಿದ್ದೆವು. ಅದು ಗುಟ್ಟಿನ ಜಾಗ. ಆ ಗುಟ್ಟು ಹೆಡ್‌ಮಿಸ್ ಅವರಿಗೆ, ಗುಮಾಸ್ತರಿಗೆ, ಜವಾನನಿಗೆ, ನಮ್ಮೆಲ್ಲ ಮೇಷ್ಟರುಗಳಿಗೆ ಮತ್ತು ಹತ್ತನೇ ತರಗತಿಯ ಹುಡುಗರಿಗೆ ಮಾತ್ರ ಗೊತ್ತಿತ್ತು!

ಬೀರುವಿನಲ್ಲಿ ಚಿನ್ನ ಬೆಳ್ಳಿ ಏನೂ ಇಲ್ಲ. ಇರುವುದು ದಾಖಲಾತಿ ರಿಜಿಸ್ಟರುಗಳು. ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಜಾತಿ, ಹುಟ್ಟಿದ ತಾರೀಖು, ಮೈಮೇಲಿನ ಮಚ್ಚೆಯ ಗುರುತು, ಮನೆ ವಿಳಾಸ. ಒಂದು ಊರಿನ ಎರಡು ಮೂರು ತಲೆಮಾರಿನ ಸಂಸಾರಗಳು ಅಲ್ಲಿ ಸಾಲುಸಾಲಾಗಿ ಮಲಗಿವೆ ಎನ್ನಿ. ಕಳ್ಳ ಬಂದರೂ ಮುಟ್ಟದ ಸಾಮಾನು ಎಂದು ನಾವೆಲ್ಲ ನೆಮ್ಮದಿಯಾಗಿದ್ದೆವು.

ಒಂದು ಮಧ್ಯಾಹ್ನ ಅರವತ್ತರ ಹತ್ತಿರದ ಹೆಂಗಸೊಬ್ಬರು ಬಂದರು. ಗಂಡ ತೀರಿಕೊಂಡಿದ್ದರು. ಪಿಂಚಣಿಯ ಕಾಗದಕ್ಕೆ ಹುಟ್ಟಿದ ತಾರೀಖಿನ ದಾಖಲೆ ಬೇಕಿತ್ತು. "ಇಲ್ಲೇ ಎಂಟನೇ ಕ್ಲಾಸು ಓದಿದ್ದೆ ಮೇಡಂ, ಸ್ವಲ್ಪ ಹುಡುಕಿಕೊಡಿ" ಎಂದರು. ಆ ವರ್ಷದ ರಿಜಿಸ್ಟರು ಬೀರುವಿನ ಕೆಳಗಿನ ಅರೆಯಲ್ಲಿತ್ತು. ಎತ್ತಿದೆ. ರಟ್ಟು ಕೈಗೆ ಬಂತು, ಒಳಗಿನದೆಲ್ಲ ಮಣ್ಣಾಗಿ ಉದುರಿತು. ಗೋಡೆಯ ಬಿರುಕಿನಿಂದ ಬಂದ ಗೆದ್ದಲು ಯಾವ ಸದ್ದೂ ಇಲ್ಲದೆ ಊಟ ಮುಗಿಸಿತ್ತು. ಆಕೆ ಸಿಟ್ಟಾಗಲಿಲ್ಲ. "ಹೋಗಲಿ ಬಿಡಿ ಮೇಡಂ. ನಾನು ಓದಿದೆ ಅಂತ ಬರೆದಿದ್ದು ಅದೊಂದೇ ಕಡೆ" ಎಂದು ಹೇಳಿ ಹೊರಟುಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ದಾಖಲೆ ನಾಶವಾಗುವುದು ಅಂದರೆ ಏನೆಂದು ನನಗೆ ಅವತ್ತು ಅರ್ಥವಾಯಿತು. ದಾಖಲೆ ಸೋರಿಹೋಗುವುದು ಅಂದರೆ ಏನೆಂದು ತಿಳಿದದ್ದು ಆಮೇಲೆ. ಅದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು, ಕೊನೆಗೆ ಹೇಳುತ್ತೇನೆ. ನಾನು ಪಾಠ ಮಾಡುವುದು ಸಮಾಜ ವಿಜ್ಞಾನ. ಕಷ್ಟ ಬಂದಾಗ ಕೆಲವರು ದೇವಸ್ಥಾನಕ್ಕೆ ಹೋಗುತ್ತಾರೆ, ನಾನು ಚರಿತ್ರೆಯ ಪುಸ್ತಕ ತೆಗೆಯುತ್ತೇನೆ. ನಮ್ಮ ಮೈಸೂರು ಸೀಮೆಯವರು ಕಾಗದಪತ್ರಗಳನ್ನು ಹೇಗೆ ಕಾಯುತ್ತಿದ್ದರು ಎಂದು ಹುಡುಕುತ್ತ ಹೋದೆ.

ಮೊದಲು ಸಿಕ್ಕಿದ್ದು ಒಂದು ಮಾತು: ಕಡತ. ಸರ್ಕಾರಿ ಫೈಲಿಗೆ ಕಡತ ಎನ್ನುತ್ತೇವೆ, "ಕಡತ ವಿಲೇವಾರಿ ಆಗಿಲ್ಲ" ಎಂದು ಅಲೆದಾಡುತ್ತೇವೆ. ಈ ಕಡತ ನಿಜಕ್ಕೂ ಬಟ್ಟೆಯದು. 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತನ್ನ ಚರಿತ್ರೆಯ ಪುಸ್ತಕದಲ್ಲಿ ಅದನ್ನು ವರ್ಣಿಸಿದ್ದಾನೆ. ಗೇಣಗಲದ, ಹಲವಾರು ಅಡಿ ಉದ್ದದ ಹತ್ತಿಬಟ್ಟೆಯ ಪಟ್ಟಿಗೆ ಎರಡೂ ಕಡೆ ಅಂಟು ಮತ್ತು ಇದ್ದಿಲ ಪುಡಿ ಸೇರಿಸಿ ಬಳಿದು ಒಣಗಿಸುವುದು. ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ಮಡಚುವುದು. ಬಳಪದಿಂದ ಬರೆಯುವುದು. ಬೇಕಾದರೆ ಒರೆಸಿ ಮತ್ತೆ ಬರೆಯಬಹುದು. ಅಂಗಡಿಯವರ ಲೆಕ್ಕವೂ ಇದರಲ್ಲೇ, ಅರಮನೆಯ ಲೆಕ್ಕವೂ ಇದರಲ್ಲೇ. ಇದು ಕಾಗದಕ್ಕಿಂತ ಬಾಳಿಕೆ ಬರುತ್ತದೆ ಎಂದು ವಿಲ್ಕ್ಸ್ ಮೆಚ್ಚಿಕೊಂಡಿದ್ದಾನೆ. ಒಂದು ಒದ್ದೆ ಕೈ ತಗುಲಿದರೆ ಅಳಿಸಿಹೋಗಬಹುದಾದ ಬರಹ ನೂರಾರು ವರ್ಷ ಉಳಿಯಿತೆಂದರೆ, ಅದನ್ನು ನೋಡಿಕೊಂಡವರ ಕೈಗೆ ಎಷ್ಟು ಎಚ್ಚರವಿದ್ದಿರಬೇಕು!

1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ಜನ ಅದನ್ನು ಅಠಾರ ಕಚೇರಿ ಎಂದರು. ಅದರಲ್ಲಿ ಒಂದು ಅಂಚೆ. ಆ ಕಾಲದ ಅಂಚೆಯವರು ಕಾಗದ ಮುಟ್ಟಿಸುವುದರ ಜೊತೆಗೆ ಊರಿನಲ್ಲಿ ನಡೆಯುವ ಸುದ್ದಿಯನ್ನೂ ದೊರೆಗೆ ಮುಟ್ಟಿಸಬೇಕಿತ್ತು. ಪತ್ರ ಕಾಯುವವನೇ ಪತ್ತೇದಾರ! ಕಾಯುವ ಕೈಯೂ ಇಣುಕುವ ಕಣ್ಣೂ ಒಂದೇ ಮೈಯಲ್ಲಿರುವುದು ಇವತ್ತಿನದಲ್ಲ ನೋಡಿ. ಮೈಸೂರಿನ ಈ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ಸೇರಿಹೋಯಿತು. ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು.

ಮೈಸೂರು ರಾಜ್ಯ ಒಂದು ಗುಟ್ಟನ್ನು ಬಹಳ ಚೆನ್ನಾಗಿ ಕಾಪಾಡಿದ ಪ್ರಸಂಗ 1782ರದು. ಇಂಗ್ಲಿಷರೊಡನೆ ಯುದ್ಧ ನಡೆಯುತ್ತಿತ್ತು. ಹೈದರಾಲಿ ಚಿತ್ತೂರಿನ ಹತ್ತಿರ ಬೀಡುಬಿಟ್ಟಿದ್ದ. ಬೆನ್ನಿನ ಹುಣ್ಣು ಉಲ್ಬಣಿಸಿ ಡಿಸೆಂಬರ್ 7ರಂದು ತೀರಿಕೊಂಡ. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹೊರಗೆ ಬಿದ್ದರೆ ದಂಡು ಚದುರುತ್ತದೆ, ಪಟ್ಟಕ್ಕೆ ಆಸೆಪಡುವವರು ಹುಟ್ಟಿಕೊಳ್ಳುತ್ತಾರೆ. ಪೂರ್ಣಯ್ಯ ಮತ್ತು ಕೃಷ್ಣರಾವ್ ಸೇರಿದಂತೆ ಕೆಲವೇ ಜನ ಮಾತಾಡಿಕೊಂಡರು. ದೇಹವನ್ನು ಸುಗಂಧದ್ರವ್ಯ ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ಸಾಮಾನು ಸಾಗಿಸುವ ಹಾಗೆ ಕಾವಲು ಕೊಟ್ಟು ಕೋಲಾರಕ್ಕೆ ಕಳಿಸಿದರು. ಬೀಡಿನಲ್ಲಿ ದಿನದ ಕೆಲಸ ದಿನದ ಹಾಗೇ ನಡೆಯಿತು. ನವಾಬರು ಕಾಯಿಲೆಯಲ್ಲಿದ್ದಾರೆ, ಹುಕುಂ ಬರುತ್ತಿದೆ ಎಂದೇ ಎಲ್ಲರೂ ತಿಳಿದರು. ಸಂಶಯಪಟ್ಟು ಒಳಸಂಚು ಮಾಡಿದವರನ್ನು ಹಿಡಿದು ಕೂಡಿಹಾಕಿದರು. ಟಿಪ್ಪು ಬಂದು ಸೇರುವವರೆಗೆ ದಂಡು ಒಡೆಯಲಿಲ್ಲ.

ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗ ಹುಡುಗಿಯರು ಪೆಟ್ಟಿಗೆಯ ಮಾತಿಗೆ ಕಣ್ಣರಳಿಸುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಗೊತ್ತಿದ್ದವರು ಕೆಲವರು. ಯಾಕೆ ಮುಚ್ಚಿಡಬೇಕೆಂದು ಅವರಿಗೆ ತಿಳಿದಿತ್ತು. ಎಷ್ಟು ದಿನ ಎಂಬುದೂ ಗೊತ್ತಿತ್ತು: ಟಿಪ್ಪು ಬರುವವರೆಗೆ, ಅಷ್ಟೇ. ಗಡುವಿಲ್ಲದ ಗುಟ್ಟನ್ನು ಹೊರುವುದು ಕಷ್ಟ. ನಮ್ಮ ಮನೆಗಳಲ್ಲಿ ಮದುವೆ ಮಾತುಕತೆ ನಡೆಯುವಾಗ "ನಿಶ್ಚಯವಾಗುವವರೆಗೆ ಯಾರಿಗೂ ಹೇಳಬೇಡ" ಎನ್ನುವುದಿಲ್ಲವೇ? ಅದೂ ಇದೇ ಲೆಕ್ಕ.

ಇಂಥ ಕಟ್ಟುನಿಟ್ಟಿನಲ್ಲಿ ಕೈಗೆ ಬಂದ ರಾಜ್ಯದ ಗುಟ್ಟು ಹದಿನಾರು ವರ್ಷಗಳಲ್ಲಿ ಬಯಲಾಗಿ ಬಿತ್ತು. ವರ್ಷ ವರ್ಷ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಪ್ರವಾಸ ಕರೆದುಕೊಂಡು ಹೋಗುತ್ತೇವೆ. ದರಿಯಾ ದೌಲತ್, ಗುಂಬಜ್, ಜಲದ್ವಾರ ಎಲ್ಲ ನೋಡಿದ ಮೇಲೆ ಮಕ್ಕಳ ಪ್ರಶ್ನೆ ಒಂದೇ: "ಮಿಸ್, ಅರಮನೆ ಎಲ್ಲಿ?" ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರ ಅಡಿಪಾಯದ ಕುರುಹು ತೋರಿಸುತ್ತೇನೆ. ಗೈಡು ಮೀರ್ ಸಾದಿಕನ ಹೆಸರು ಹೇಳಿ, ಅವನು ಕೋಟೆಯನ್ನು ಮಾರಿಕೊಂಡ ಎಂದು ಕಥೆ ಮುಗಿಸುತ್ತಾನೆ. ಮನೆಯಲ್ಲಿ ಏನು ಕಳೆದರೂ ಮೊದಲು ಕೆಲಸದವಳ ಮೇಲೆ ಕಣ್ಣು ಹೋಗುತ್ತದಲ್ಲ, ಹಾಗೆಯೇ ನಾವು ಯಾವಾಗಲೂ ಒಬ್ಬ ದ್ರೋಹಿಯನ್ನು ಹುಡುಕುತ್ತೇವೆ. ಆದರೆ ಟಿಪ್ಪುವಿನ ಅತಿ ದೊಡ್ಡ ಗುಟ್ಟನ್ನು ಹೊರಗೆ ಹಾಕಿದವನು ಶತ್ರುವೂ ಅಲ್ಲ, ದ್ರೋಹಿಯೂ ಅಲ್ಲ. ಅವನ ಸ್ನೇಹಿತ.

1797ರಲ್ಲಿ ರಿಪೋ ಎಂಬ ಫ್ರೆಂಚ್ ಹಡಗಿನವನು ಮಂಗಳೂರಿಗೆ ಬಂದ. ಮಾರಿಷಸ್ ದ್ವೀಪದಲ್ಲಿ ಹತ್ತು ಸಾವಿರ ಫ್ರೆಂಚ್ ಸೈನಿಕರು ನಿಮಗಾಗಿ ಕಾದಿದ್ದಾರೆ ಎಂದ. ಇವನನ್ನು ನಂಬಬೇಡಿ ಎಂದು ಹತ್ತಿರದವರು ಎಚ್ಚರಿಸಿದರು. ಇಂಗ್ಲಿಷರಿಗೆ ಅರ್ಧ ರಾಜ್ಯ ಕಳೆದುಕೊಂಡು ಒಳಗೊಳಗೆ ಬೇಯುತ್ತಿದ್ದ ಟಿಪ್ಪು ನಂಬಿದ. ಗುಟ್ಟಾಗಿ ಇಬ್ಬರು ರಾಯಭಾರಿಗಳನ್ನು ಮಾರಿಷಸ್‌ಗೆ ಕಳಿಸಿದ. 1798ರ ಜನವರಿಯಲ್ಲಿ ಅವರು ಅಲ್ಲಿ ಇಳಿದರು. ಅಲ್ಲಿನ ಗವರ್ನರ್ ಮಲಾರ್ತಿಕ್ ಬಳಿ ಹತ್ತು ಸಾವಿರವಿರಲಿ, ಕಳಿಸಿಕೊಡುವಷ್ಟು ಸೈನ್ಯವೇ ಇರಲಿಲ್ಲ. ಆದರೆ ಬಂದ ನೆಂಟರನ್ನು ಸುಮ್ಮನೆ ಕಳಿಸುವುದು ಹೇಗೆ? ಅವರನ್ನು ಬಹಿರಂಗವಾಗಿ, ಮರ್ಯಾದೆಯಿಂದ ಬರಮಾಡಿಕೊಂಡ. ಜನವರಿ 30ರಂದು ಒಂದು ಘೋಷಣೆ ಅಚ್ಚುಹಾಕಿಸಿ ಪ್ರಕಟಿಸಿಬಿಟ್ಟ: ಟಿಪ್ಪು ಸುಲ್ತಾನನು ಇಂಗ್ಲಿಷರ ವಿರುದ್ಧ ನಮ್ಮ ಸಹಾಯ ಕೇಳಿದ್ದಾನೆ, ಅವನ ಸೈನ್ಯಕ್ಕೆ ಸೇರುವವರು ಹೆಸರು ಕೊಡಿ ಎಂದು! ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು 100 ಜನ. ಜೂನ್ ತಿಂಗಳಲ್ಲಿ ಆ ಘೋಷಣೆ ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದಕ್ಕೆ ಮುಂಚಿನ ತಿಂಗಳಷ್ಟೇ ಗವರ್ನರ್ ಜನರಲ್ ಆಗಿ ಬಂದಿದ್ದ ವೆಲ್ಲೆಸ್ಲಿ ಅದನ್ನು ಓದಿದ.

ವೆಲ್ಲೆಸ್ಲಿಗೆ ಮೈಸೂರಿನ ಮೇಲೆ ಮೊದಲೇ ಕಣ್ಣಿತ್ತು, ಬೇರೆ ನೆಪ ಹುಡುಕುತ್ತಿದ್ದನೋ ಏನೋ. ಆದರೆ ಹುಡುಕುವ ತೊಂದರೆಯನ್ನು ಮಲಾರ್ತಿಕ್ ತಪ್ಪಿಸಿದ. 1799ರ ಫೆಬ್ರವರಿಯಲ್ಲಿ ಯುದ್ಧ ಶುರುವಾಯಿತು, ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಮಲಾರ್ತಿಕ್ ಟಿಪ್ಪುವಿಗೆ ಕೆಡುಕು ಬಯಸಿದವನಲ್ಲ. ಆ ಕಾಗದ ಯಾರ ಪಾಲಿಗೆ ಪ್ರಾಣ ಎಂಬುದನ್ನು ಯೋಚಿಸಲಿಲ್ಲ, ಅಷ್ಟೇ.

ಅದೇ ವರ್ಷ ಇನ್ನೊಂದು ಕಾಗದ ದಾರಿಯಲ್ಲಿ ಸಿಕ್ಕಿಬಿತ್ತು. ನೆಪೋಲಿಯನ್ ಆಗ ಈಜಿಪ್ಟಿನಲ್ಲಿದ್ದ. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದು ಅರಬರ ನಾಡಿನ ದಾರಿಯಾಗಿ ಕಳಿಸಿದ. ಅದು ಕೆಂಪು ಸಮುದ್ರ ದಾಟುವ ಮೊದಲೇ ಇಂಗ್ಲಿಷರ ಕೈ ಸೇರಿತು. ಒಂದು ಪತ್ರವನ್ನು ಬರೆದವರ ಮನೆ, ನಡುವಿನ ದಾರಿ, ಪಡೆದವರ ಮನೆ ಮೂರೂ ಕಡೆ ಕಾಯಬೇಕು. ನಾವು ಬೀಗ ಹಾಕುವುದು ನಮ್ಮ ಮನೆಗೆ ಮಾತ್ರ.

ಆ ಮನೆಯಾದರೂ ಉಳಿಯಿತೇ? ಕೋಟೆ ಬಿದ್ದ ಮೇಲೆ ಅರಮನೆಯ ಕಾಗದಗಳನ್ನು ಇಂಗ್ಲಿಷರು ಗಂಟುಗಂಟಾಗಿ ಹೊರತೆಗೆದರು. ಫ್ರೆಂಚರೊಡನೆ ನಡೆಸಿದ ಪತ್ರವ್ಯವಹಾರವನ್ನು ಅದೇ ವರ್ಷ ಅಚ್ಚುಹಾಕಿಸಿ, "ನೋಡಿ, ನಾವು ಯುದ್ಧ ಮಾಡಿದ್ದು ಸರಿ" ಎಂದು ಲೋಕಕ್ಕೆ ತೋರಿಸಿದರು. ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಟಿಪ್ಪುವಿನ ಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸಿ 1811ರಲ್ಲಿ ಪುಸ್ತಕ ಮಾಡಿದ. ಕಾಗದಗಳ ನಡುವೆ ಅವನಿಗೆ ಇನ್ನೂ ಒಂದು ಪುಟ್ಟ ಪುಸ್ತಕ ಸಿಕ್ಕಿತು. ಪರ್ಷಿಯನ್ ಭಾಷೆಯಲ್ಲಿ ಸುಲ್ತಾನನೇ ಕೈಯಾರೆ ಬರೆದುಕೊಂಡಿದ್ದ ಅವನ ಕನಸುಗಳು, 37. ಆ ಪುಸ್ತಕ ಇದೆಯೆಂದು ಮುನ್ಷಿ ಹಬೀಬುಲ್ಲಾಗೆ ಗೊತ್ತಿತ್ತು, ಒಳಗೆ ಏನಿದೆಯೆಂದು ಗೊತ್ತಿರಲಿಲ್ಲ. ಯಾರಾದರೂ ಹತ್ತಿರ ಬಂದರೆ ಸುಲ್ತಾನ ಅದನ್ನು ಮುಚ್ಚಿಟ್ಟುಬಿಡುತ್ತಿದ್ದನಂತೆ. ಈಗ ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗಿರೀಶ ಕಾರ್ನಾಡರು ಅದರಿಂದಲೇ ನಾಟಕ ಬರೆದರು, ನಾವೆಲ್ಲ ನೋಡಿದೆವು. ಒಳ್ಳೆಯ ನಾಟಕ. ಆದರೂ ಒಬ್ಬ ಮನುಷ್ಯ ಅಂಗೈಯಡಿ ಮುಚ್ಚಿಟ್ಟುಕೊಂಡ ಕನಸನ್ನು ಎಲ್ಲರೂ ಓದುತ್ತೇವಲ್ಲ ಎಂದು ನನಗೆ ಒಂದು ಸಲ ಸಂಕೋಚವಾಯಿತು. ಮಗಳ ಡೈರಿಯನ್ನು ಅವಳಿಲ್ಲದಾಗ ತೆಗೆದು ನೋಡಿದ ತಾಯಂದಿರಿಗೆ ಈ ಸಂಕೋಚ ತಿಳಿದೀತು.

ಟಿಪ್ಪುವಿನ ಕಾಗದ ಸೋರಿದ ಕಥೆ ಹೇಳಿ, ಅವನ ಕಾಲದಲ್ಲೇ ನಾಶವಾದ ಕಾಗದಗಳ ಕಥೆ ಬಿಟ್ಟರೆ ಪಾಠ ಅರ್ಧವಾಗುತ್ತದೆ. 1796ರಲ್ಲಿ ಒಡೆಯರ ಹಳೆಯ ಅರಮನೆಯನ್ನು ತೆರವು ಮಾಡಿಸುವಾಗ ತಾಳೆಗರಿ ಮತ್ತು ಕಡತಗಳಿಂದ ತುಂಬಿದ ಕೋಣೆಗಳು ಸಿಕ್ಕವಂತೆ. ಇವನ್ನೇನು ಮಾಡುವುದೆಂದು ಕೇಳಿದ್ದಕ್ಕೆ, ಲಾಯಕ್ಕೆ ಕಳಿಸಿ, ಕುದುರೆಗೆ ಹುರುಳಿ ಬೇಯಿಸಲು ಉರುವಲಾಗಲಿ ಎಂದು ಸುಲ್ತಾನ ಹೇಳಿದನೆಂದು ವಿಲ್ಕ್ಸ್ ಬರೆದಿದ್ದಾನೆ. ವಿಲ್ಕ್ಸ್ ಗೆದ್ದವರ ಕಡೆಯ ಚರಿತ್ರೆಕಾರ, ಟಿಪ್ಪುವಿನ ಮೇಲೆ ಅವನಿಗೆ ಪ್ರೀತಿಯಿರಲಿಲ್ಲ ಎಂಬುದನ್ನು ಮರೆಯದೆ ಇದನ್ನು ಓದಬೇಕು. ಆದರೆ ಅವನು ಹೇಳುವ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಯಾರೋ ಒಬ್ಬ ಮನುಷ್ಯ, ಈ ಕೋಣೆಯಲ್ಲಿ ನಮ್ಮ ಮನೆದೇವರುಗಳಿವೆ ಎಂದು ನೆಪ ಹೇಳಿ, ಒಂದಿಷ್ಟು ಗ್ರಂಥಗಳನ್ನು ಬೇಡಿ ಪಡೆದು ಉಳಿಸಿಕೊಂಡನಂತೆ. ಕಾಗದ ಉಳಿಯಬೇಕಾದರೆ ಅದನ್ನು ದೇವರೆಂದು ತಿಳಿದವನು ಒಬ್ಬನಾದರೂ ಬೇಕು.

ಹಾಗೆ ತಿಳಿದವರು ಟಿಪ್ಪುವಿನ ಪತ್ರಗಳಿಗೂ ಒಂದು ಕಡೆ ಇದ್ದರು. ಅದು ಶೃಂಗೇರಿ. 1791ರಲ್ಲಿ ಮರಾಠರ ದಂಡಿನವರು ಶೃಂಗೇರಿ ಮಠವನ್ನು ಸೂರೆಮಾಡಿದರು. ಜಗದ್ಗುರುಗಳು ಸುಲ್ತಾನನಿಗೆ ಬರೆದರು. ಅವನು ದುಃಖಪಟ್ಟು ಉತ್ತರ ಬರೆದ, ದೇವಿಯನ್ನು ಮತ್ತೆ ಪ್ರತಿಷ್ಠೆ ಮಾಡಲು ಹಣ, ಸಾಮಗ್ರಿ ಕೊಡಿಸಿದ. ಹೀಗೆ ಕನ್ನಡದಲ್ಲಿ ಬರೆಸಿ ಕಳಿಸಿದ ಸುಮಾರು 30 ಪತ್ರಗಳು ಮಠದ ಕಾಗದಗಳ ನಡುವೆ ಉಳಿದಿದ್ದವು. ರಾಜ್ಯ ಹೋಯಿತು, ದೊರೆ ಹೋದ, ಹೊಸ ದೊರೆ ಬಂದರು, ಕಂಪನಿ ಹೋಗಿ ರಾಣಿಯ ಆಳ್ವಿಕೆ ಬಂತು. ಹಳೆಯ ದೊರೆಯ ಕಾಗದ ಇನ್ನೇಕೆ ಎಂದು ಮಠದವರು ಒಲೆಗೆ ಹಾಕಲಿಲ್ಲ. 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ಅವುಗಳನ್ನು ಬೆಳಕಿಗೆ ತಂದರು. ಟಿಪ್ಪುವಿನ ಬಗ್ಗೆ ವಾದ ಮಾಡುವವರು ಯಾವ ಪಕ್ಷದವರಾದರೂ ಆ ಪತ್ರಗಳನ್ನು ದಾಟಿಕೊಂಡು ಹೋಗಲು ಆಗುವುದಿಲ್ಲ.

ಒಬ್ಬನೇ ಮನುಷ್ಯನ ಪತ್ರಗಳು. ಸಮುದ್ರದಾಚೆಯ ಗವರ್ನರನ ಮನೆಯಲ್ಲಿ ಗೋಡೆಯ ಮೇಲೆ ಅಂಟಿದವು, ಮಲೆನಾಡಿನ ಮಠದಲ್ಲಿ ನೂರಿಪ್ಪತ್ತೈದು ವರ್ಷ ಕೆಡದೆ ಉಳಿದವು. ಕಾಗದದ ಹಣೆಬರಹವನ್ನು ಬರೆಯುವವನು ಅದನ್ನು ಪಡೆದುಕೊಂಡವನು.

ಈಗ ನನ್ನ ತಪ್ಪಿಗೆ ಬರುತ್ತೇನೆ. ವಿದ್ಯಾರ್ಥಿವೇತನದ ಅರ್ಜಿಗಾಗಿ ಒಂಬತ್ತನೇ ತರಗತಿಯ ಹುಡುಗಿಯರ ಪಟ್ಟಿ ತಯಾರಿಸಿದ್ದೆ. ಹೆಸರು, ತಂದೆಯ ಹೆಸರು, ಬೀದಿ, ಫೋನ್ ನಂಬರು. ಇಲಾಖೆಗೆ ಮೂರು ಪ್ರತಿ ಬೇಕಿತ್ತು. ಒಬ್ಬ ಹುಡುಗನ ಕೈಯಲ್ಲಿ ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಗೆ ಕಳಿಸಿದೆ. ಮೂರು ಪ್ರತಿ ಬಂತು, ಎಣಿಸಿಕೊಂಡೆ. ಸರಿಯಾಗಿ ಬಾರದ ನಾಲ್ಕನೆಯದೊಂದು ಅಂಗಡಿಯ ರದ್ದಿಯಲ್ಲಿ ಉಳಿದದ್ದು ನನಗೆ ಗೊತ್ತಾಗಲಿಲ್ಲ. ಅದು ಯಾರ ಕೈಗೆ ಹೋಯಿತೋ, ಒಬ್ಬ ಹುಡುಗಿಯ ಮನೆಗೆ ರಾತ್ರಿ ಹೊತ್ತು ಫೋನು ಬರತೊಡಗಿತು. ಹೆಸರು ಹಿಡಿದು ಕೇಳುತ್ತಿದ್ದರಂತೆ. ಅಪ್ಪ ಫೋನನ್ನು ಒಡೆದುಹಾಕಿದ. ಮಗಳೇ ಯಾರಿಗೋ ನಂಬರು ಕೊಟ್ಟಿದ್ದಾಳೆ ಎಂದು ಅವಳನ್ನು ಶಾಲೆ ಬಿಡಿಸಿದ.

ಹೆಡ್‌ಮಿಸ್ ಮತ್ತು ನಾನು ಅವರ ಮನೆಗೆ ಹೋದೆವು. ಆ ಹೊತ್ತಿಗೆ ನಮ್ಮ ಜವಾನ ಅಂಗಡಿಯಲ್ಲಿ ವಿಚಾರಿಸಿ ರದ್ದಿಯ ಸಂಗತಿ ತಿಳಿದುಕೊಂಡು ಬಂದಿದ್ದ. "ನಿಮ್ಮ ಮಗಳದೇನೂ ತಪ್ಪಿಲ್ಲ. ತಪ್ಪು ನನ್ನದು" ಎಂದೆ. ಅಪ್ಪ ತಲೆ ತಗ್ಗಿಸಿ ಕೇಳಿದರು. "ನೀವು ಹೇಳ್ತೀರಿ ಮೇಡಂ, ಬೀದಿಯವರಿಗೆ ಯಾರು ಹೇಳ್ತಾರೆ?" ಎಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಎರಡು ತಿಂಗಳು ಓಡಾಡಿದ ಮೇಲೆ ಪರೀಕ್ಷೆಗೆ ಮಾತ್ರ ಕಳಿಸಿದರು. ಹತ್ತನೇ ತರಗತಿಗೆ ಅವಳನ್ನು ಬೇರೆ ಊರಿಗೆ, ಸೋದರಮಾವನ ಮನೆಗೆ ಕಳಿಸಿಬಿಟ್ಟರು.

ಮಲಾರ್ತಿಕನನ್ನು ತರಗತಿಯಲ್ಲಿ ಎಷ್ಟು ವರ್ಷ ಹಾಸ್ಯ ಮಾಡಿದ್ದೆ! ನಾನೂ ಯಾರಿಗೂ ಕೆಡುಕು ಬಯಸಿರಲಿಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆಯ ಹಾಗೆ ಈಗ ಕೆಲವು ಕಟ್ಟಳೆ ಮಾಡಿಕೊಂಡಿದ್ದೇವೆ. ಬೀಗದ ಕೈ ಗಾಂಧೀಜಿಯವರ ಬೆನ್ನ ಹಿಂದಿಲ್ಲ, ಇಬ್ಬರ ಹತ್ತಿರ ಮಾತ್ರ ಇದೆ. ಹಳೆಯ ರಿಜಿಸ್ಟರುಗಳ ಪ್ರತಿ ತೆಗೆದು ಇನ್ನೊಂದು ಕಡೆ ಇಟ್ಟಿದ್ದೇವೆ. ಮಳೆಗಾಲಕ್ಕೆ ಮುಂಚೆ ಬೀರುವಿನ ಕೆಳಗಿನ ಅರೆಯನ್ನು ಖಾಲಿಮಾಡಿ ನೋಡುತ್ತೇವೆ. ಪಟ್ಟಿಗಳಲ್ಲಿ ಬೇಕಾದಷ್ಟನ್ನೇ ಬರೆಯುತ್ತೇವೆ, ಕೆಲಸ ಮುಗಿದ ಪ್ರತಿಗಳನ್ನು ಹರಿದು ಸುಡುತ್ತೇವೆ. ಜೆರಾಕ್ಸಿಗೆ ನಾನೇ ಹೋಗುತ್ತೇನೆ. ಕೆಟ್ಟ ಪ್ರತಿಯನ್ನೂ ಕೇಳಿ ತೆಗೆದುಕೊಳ್ಳುತ್ತೇನೆ. ಅಂಗಡಿಯ ಹುಡುಗ "ಮೇಡಂ ರದ್ದಿಯನ್ನೂ ಬಿಡಲ್ಲ" ಎಂದು ನಗುತ್ತಾನೆ. ಫೋನಿನಲ್ಲಿ ಶಾಲೆಯ ಗ್ರೂಪಿಗೆ ಮಕ್ಕಳ ಅಂಕಪಟ್ಟಿ, ಕಾರ್ಡುಗಳ ಚಿತ್ರ ಹಾಕುವುದು ನಿಲ್ಲಿಸಿದ್ದೇವೆ. ಅಲ್ಲಿ ರದ್ದಿ ಎಷ್ಟು ಊರಿಗೆ ಹೋಗುತ್ತದೋ ಎಣಿಸಲೂ ಆಗದು.

ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟಿನಲ್ಲಿ ಹೇಳಿತು. ಆ ಮೊಕದ್ದಮೆ ಹೂಡಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯ್ದೆಯನ್ನೂ ಮಾಡಿತು. ಒಳ್ಳೆಯದೇ ಆಯಿತು. ಆದರೆ ರದ್ದಿಯ ರಾಶಿಯ ಮುಂದೆ ನಿಂತು ನಾಲ್ಕನೆಯ ಪ್ರತಿಯನ್ನು ಕೇಳುವುದು ಕಾಯ್ದೆಯಲ್ಲ, ನಾವು.

ಜೂನ್ ತಿಂಗಳಲ್ಲಿ ಹೊಸ ಮಕ್ಕಳನ್ನು ಸೇರಿಸಲು ತಾಯಂದಿರು ಬರುತ್ತಾರೆ. ಹುಟ್ಟಿದ ತಾರೀಖು ಹೇಳುತ್ತಾರೆ, ಗಂಡ ಬಿಟ್ಟುಹೋಗಿದ್ದರೆ ತಗ್ಗಿದ ದನಿಯಲ್ಲಿ ಅದನ್ನೂ ಹೇಳುತ್ತಾರೆ, ಬರೆಯಲೇಬೇಕಾ ಮಿಸ್ ಎಂದು ಕೇಳುತ್ತಾರೆ. ಅವರು ಹೇಳುತ್ತಾರೆ, ನಾವು ಪಡೆದುಕೊಳ್ಳುತ್ತೇವೆ. ಪಡೆದುಕೊಂಡವರ ಮನೆ ನಮ್ಮದು. ನಾನು ಪೆನ್ನು ತೆಗೆದು ನಿಧಾನವಾಗಿ, ಅಳಿಸಿಹೋಗದ ಮಸಿಯಲ್ಲಿ ಬರೆಯುತ್ತೇನೆ. ಬರೆದಾದ ಮೇಲೆ ಮುಂದಿನವರು ಓದದ ಹಾಗೆ ರಿಜಿಸ್ಟರನ್ನು ಮುಚ್ಚುತ್ತೇನೆ.